ಕೈಗೆ ಹೋಗದ ಬಳಿ, ಕೈಯಾಗ ನಿಲ್ಲದ ಸರ

ಹ್ವಾದ ವರ್ಷ ಮಗಳ ಬಾಣಂತನಕ್ಕ ಮೆಲ್ಬರ್ನಿಗೆ ಹೋದಾಗಿನ ಮಾತು. ಕೂಸಿಗೆ ಎರಡು ತಿಂಗಳಾಗಿತ್ತು. ಎಣ್ಣಿ ಹಚ್ಚೋದು, ನೀರು ಹಾಕೋದು, ಕಾಸೋದು, ಮಲಗಸೋದು, ಇದರಾಗ ನಾ ಮನಿ ಬಿಟ್ಟು ಹೊರಗ ಬಿದ್ದೇ ಇರ್ಲಿಲ್ಲ. ಒಂದು ಐತ್ವಾರ ಅಳಿಯಂದ್ರು "ಅತ್ತಿ, ಹಿಂಗ ಒಳಗ ಕೂತ್ರ ನೀವೂ ಬಾಣಂತಿ ಆಗ್ತೀರಿ, ನಡೀರಿ" ಅಂತ ಹೇಳಿ ಒಂದು ಮ್ಯೂಸಿಯಮ್ಮಿಗೆ ಕರ್ಕೊಂಡು ಹೋದ್ರು.

ಅಲ್ಲೆ ಪೆಸಿಫಿಕ್ ಸಮುದ್ರದ ದ್ವೀಪಗಳ ಸಾಮಾನು ಇಟ್ಟ ಒಂದು ಕೋಣಿ ಇತ್ತು. ಗಾಜಿನ ಪೆಟಗಿಯೊಳಗ ಒಂದು ಬಿಳಿ ಬಳಿ. ಸಮುದ್ರದ ದೊಡ್ಡ ಚಿಪ್ಪನ್ನ ಎರಡೂ ಕಡೆ ಕತ್ತರಿಸಿ, ನಡುವಿನ ಉಂಗುರ ಅಷ್ಟ ಉಳಿಸಿಕೊಂಡು ಉಜ್ಜಿ ಮಾಡಿದ್ದು. ಅದಕ್ಕ ಸಣ್ಣ ಸಣ್ಣ ಚಿಪ್ಪು, ಮಣಿ, ಒಣಾ ಬೀಜ ಎಲ್ಲಾ ಜೋತು ಬಿಟ್ಟಿದ್ರು. ನಾ ಬಗ್ಗಿ ನೋಡಿದೆ. ನನ್ನ ಕೈ ಅಂತೂ ದೂರ ಉಳೀತು, ಮೂರು ವರ್ಷದ ಹುಡುಗಿ ಕೈಗೂ ಅದು ಹೋಗೋ ಹಂಗ ಇರ್ಲಿಲ್ಲ. ಬಾಜೂಕ ಒಂದು ಕೆಂಪು ಸರ. ಅದು ಇದರ ಉಲ್ಟಾ, ಅಷ್ಟು ಉದ್ದ, ಕೊಳ್ಳಾಗ ಹಾಕ್ಕೊಂಡ್ರ ನೆಲಾ ಸಾರಸ್ತದ.

"ಇವನ್ನ ಯಾರು ಹಾಕ್ಕೋತಿದ್ರು?" ಅಂತ ಕೇಳಿದೆ. ಅಳಿಯಂದ್ರು ಕೆಳಗಿನ ಫಲಕ ಓದಿ ನಕ್ಕರು. "ಯಾರೂ ಹಾಕ್ಕೋತಿರ್ಲಿಲ್ಲಂತ ಅತ್ತಿ. ಭಾಳಷ್ಟು ಬರೇ ಕೊಡೋದಕ್ಕ."

ಬರೇ ಕೊಡೋದಕ್ಕ ಮಾಡಿದ ದಾಗೀನ! ನಂಗ ಆ ಮಾತು ತಲಿಯೊಳಗ ಕೂತುಬಿಡ್ತು. ಯಾಕ ಕೂತಿತು ಅನ್ನೋದನ್ನ ಕಡೀಕ ಹೇಳ್ತೀನಿ. ಅವತ್ತಿಂದ ರಾತ್ರಿ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ತಟ್ಟೋವಾಗೆಲ್ಲಾ ಅದನ್ನ ಓದಿದೆ. ಮಗಳು ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಳು. ತಿಳೀಲಾರದ್ದನ್ನ ಅಳಿಯಂದ್ರು ಬಿಡಿಸಿ ಹೇಳಿದ್ರು. ನಮ್ಮ ಓಣಿಯ ಕಾಕುಗೋಳು, ವೈನಿಗೋಳು, ಅಕ್ಕ-ತಂಗ್ಯಾರು ಎಲ್ಲಾರಿಗೂ ಹೇಳಬೇಕು ಅಂತ ಇಲ್ಲೆ ಬರೀಲಿಕತ್ತೀನಿ.

ಈ ಊರು ಎಲ್ಲಿ ಬರ್ತಾವ ಅಂದ್ರ, ಆಸ್ಟ್ರೇಲಿಯಾದ ಉತ್ತರಕ್ಕ ಪಪುವಾ ನ್ಯೂಗಿನಿ ಅಂತ ಒಂದು ದೇಶ ಅದ. ಅದರ ಪೂರ್ವದ ತುದಿಗೆ ಸಮುದ್ರದೊಳಗ ಅಕ್ಕಿಕಾಳು ಚೆಲ್ಲಿದ ಹಂಗ ದ್ವೀಪಗಳು. ಟ್ರೋಬ್ರಿಯಾಂಡ್, ಡೋಬು, ಕಿಟಾವಾ, ವುಡ್‌ಲಾರ್ಕ್, ಮಿಸಿಮಾ, ಹಿಂಗ ಹೆಸರು. ಒಂದೊಂದರ ಭಾಷಾ ಬ್ಯಾರೆ, ಅಡಗಿ ಬ್ಯಾರೆ. ಆದ್ರ ಈ ದ್ವೀಪಗಳನ್ನೆಲ್ಲಾ ಕೂಡಿಸಿ ನೂರಾರು ಮೈಲಿ ಸುತ್ತಳತಿಯ ಒಂದು ದೊಡ್ಡ ಕೊಡೋ-ತಗೊಳ್ಳೋ ಚಕ್ರ ನಡದದ. ಅದಕ್ಕ ಕುಲಾ ಅಂತಾರ. ನಮ್ಮ ಕುಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಹಂಗ ಬಂದದ ಅಷ್ಟ.

ಆ ಬಿಳಿ ಬಳಿಗೆ ಮ್ವಾಲಿ ಅಂತಾರ, ಕೋನಸ್ ಅನ್ನೋ ಶಂಕುವಿನ ಆಕಾರದ ಚಿಪ್ಪಿನಿಂದ ಮಾಡಿದ್ದು. ಕೆಂಪು ಸರಕ್ಕ ಸೌಲಾವಾ, ಕೆಲವು ದ್ವೀಪದಾಗ ಬಾಗಿ ಅಂತಾರ. ಸ್ಪಾಂಡಿಲಸ್ ಅನ್ನೋ ಮೈತುಂಬ ಮುಳ್ಳಿದ್ದ ಚಿಪ್ಪು ಇರ್ತದಂತ. ಅದನ್ನ ಸಮುದ್ರದ ಬುಡದಿಂದ ಮುಳುಗಿ ತಂದು, ಒಡದು, ಕೆಂಪು ಭಾಗ ಅಷ್ಟ ತಗದು, ಸಣ್ಣ ಸಣ್ಣ ಬಿಲ್ಲಿ ಮಾಡಿ, ಕಲ್ಲಿನ ಮ್ಯಾಲೆ ನೀರು ಹಾಕಿ ಉಜ್ಜಿ ದುಂಡಗ ಮಾಡ್ತಾರ. ನಡುವ ಒಂದು ತೂತು ಕೊರದು ದಾರಕ್ಕ ಪೋಣಸ್ತಾರ. ಸರ ಎರಡು ಮೀಟರಿನಿಂದ ಐದು ಮೀಟರ್ ಉದ್ದ ಆಗ್ತದ. ಯಂತ್ರ ಇಲ್ಲದ ಕಾಲದಾಗ ಒಂದು ಸರಕ್ಕ ಎಷ್ಟು ದಿವಸ ಹಿಡೀತಿತ್ತು ಅನ್ನೋದು ಹೂವಿನ ದಂಡಿ ಕಟ್ಟೋ ನಮ್ಮಂಥವರಿಗೆ ಹೇಳೋದು ಬ್ಯಾಡ.

ಇನ್ನ ಚಕ್ರದ ನೇಮ ಕೇಳ್ರಿ. ಕೆಂಪು ಸರ ಯಾವಾಗಲೂ ನಾವು ಗುಡಿ ಪ್ರದಕ್ಷಿಣಿ ಹಾಕೋ ದಿಕ್ಕಿಗೆ ದ್ವೀಪದಿಂದ ದ್ವೀಪಕ್ಕ ಹೋಗ್ತದ. ಬಿಳಿ ಬಳಿ ಅದರ ಎದುರು ದಿಕ್ಕಿಗೆ ಬರ್ತದ. ಸರಕ್ಕ ಸರ ಇಲ್ಲ, ಬಳಿಗೆ ಬಳಿ ಇಲ್ಲ. ಸರ ಕೊಟ್ಟಾವ್ರಿಗೆ ಬಳಿ, ಬಳಿ ಕೊಟ್ಟಾವ್ರಿಗೆ ಸರ. ಒಬ್ಬೊಬ್ಬ ಮನಶ್ಯಾಗ ಎರಡೂ ಕಡೆ ದ್ವೀಪದಾಗ ಗೆಣೆಕಾರರು ಇರ್ತಾರ. ಸಾಮಾನ್ಯ ಮನಶ್ಯಾಗ ನಾಲ್ಕಾರು ಮಂದಿ, ದೊಡ್ಡ ಮುಖಂಡಗ ನೂರರ ತನಕ. ಈ ಗೆಣೆತನ ಒಮ್ಮೆ ಕೂಡಿತು ಅಂದ್ರ ಜನ್ಮಪೂರ್ತಿ. ತಿಳೀದ ಊರಾಗ ಅಂವನ ಮನಿ ನಿನ್ನ ಮನಿ, ಊಟ, ವಸ್ತಿ, ಜೀವದ ಕಾವಲು ಎಲ್ಲಾ ಅಂವಂದು.

ಹಡಗು ಕಟ್ಟಿಕೊಂಡು ಹೋದಾವ್ರು ತಾವು ಏನೂ ಒಯ್ಯಂಗಿಲ್ಲ, ತಗೊಂಡು ಬರ್ತಾರ. ಟ್ರೋಬ್ರಿಯಾಂಡಿನವ್ರು ದಕ್ಷಿಣದ ಡೋಬುಕ್ಕ ಹೋಗಿ ಕೆಂಪು ಸರ ತಗೊಂಡು ಬಂದ್ರು ಅಂದ್ರ, ಮುಂದ ಕೆಲವು ತಿಂಗಳು ಬಿಟ್ಟು ಡೋಬುದವ್ರು ಇವರ ಊರಿಗೆ ಬಂದು ಬಿಳಿ ಬಳಿ ಒಯ್ತಾರ. ನಡುವಿನ ಆ ತಿಂಗಳುಗಳೊಳಗ ಕಾಗದ ಇಲ್ಲ, ಸಾಕ್ಷಿ ಇಲ್ಲ. ಬರೇ ನಂಬಿಗಿ. ವಾಪಸ್ ಎಷ್ಟು ದೊಡ್ಡದು ಕೊಡಬೇಕು ಅನ್ನೋದನ್ನ ತಗೊಂಡಾವನ ಮಾನಕ್ಕ ಬಿಟ್ಟದ್ದು. ಚೌಕಾಶಿ ಮಾಡಂಗಿಲ್ಲ. ಬಜಾರದ ವ್ಯಾಪಾರಕ್ಕ ಅವ್ರು ಗಿಮ್ವಾಲಿ ಅನ್ನೋ ಬ್ಯಾರೆ ಶಬ್ದ ಇಟ್ಟಾರ. ಮಡಿಕಿ, ಕಟ್ಟಿಗಿ, ತಿನ್ನೋ ಸಾಮಾನು ಎಲ್ಲಾ ಅದೇ ಪ್ರವಾಸದಾಗ ಗಿಮ್ವಾಲಿಯಿಂದ ಕೊಳ್ತಾರ, ಜಗ್ಗಾಡಿ ಕೊಳ್ತಾರ, ಆದ್ರ ಸ್ವಂತ ಗೆಣೆಕಾರನ ಜೋಡಿ ಮಾತ್ರ ಅಲ್ಲ. "ಇಂವ ಕುಲಾನ ಗಿಮ್ವಾಲಿ ಹಂಗ ಮಾಡ್ತಾನ" ಅಂದ್ರ ಅಲ್ಲಿ ಅದು ದೊಡ್ಡ ಬೈಗುಳ.

ನಂಗ ಭಾಳ ಸೇರಿದ್ದು ಏನಂದ್ರ, ಡೋಬು ದಂಡಿ ಕಾಣೋ ಹೊತ್ತಿಗೆ ಹಡಗು ನಿಲ್ಲಿಸಿ ಗಂಡಸರೆಲ್ಲಾ ಸಿಂಗಾರ ಮಾಡ್ಕೋತಾರ. ಮೈ ತೊಳಕೊಂಡು, ಟೆಂಗಿನೆಣ್ಣಿ ಹಚ್ಚಿಕೊಂಡು, ಮಾರಿಗೆ ಕೆಂಪು ಕಪ್ಪು ಬಣ್ಣಾ ಬಳಕೊಂಡು, ವಾಸನಿ ಎಲಿ ತೋಳಿಗೆ ಸಿಗಿಸಿಕೊಂಡು, ಮಂತ್ರಾ ಹೇಳ್ತಾರ. ಗೆಣೆಕಾರ ನೋಡಿದ ಕೂಡಲೆ ಮರುಳಾಗಿ ಛಲೋ ಸರಾನ ಕೊಡಬೇಕು ಅಂತ. ಬೀಗರ ಮನಿ ತಿರುವು ಬಂದ ಕೂಡಲೆ ಗಾಡಿಯೊಳಗ ನಾವು ಕನ್ನಡಿ ತಗದು ಸೆರಗು ಸರಿ ಮಾಡ್ಕೊಳ್ಳೋದು ನೆನಪಾತು.

ಇಷ್ಟೆಲ್ಲಾ ಆಗಿ, ಕೊಡೋ ಹೊತ್ತಿಗೆ ಏನು ಮಾಡ್ತಾರ? ಶಂಖಾ ಊದ್ತಾರ. ಕೊಡಾಂವ ದಾಗೀನ ತಂದು, ಇದೇನ್ ಮಹಾ ಅನ್ನೋ ಹಂಗ, ಸಿಟ್ಟಿನ ಮಾರಿ ಮಾಡಿ ನೆಲಕ್ಕ ಒಗೀತಾನ. ತಗೊಳ್ಳಾಂವ ಅದನ್ನ ನೋಡಿಯೂ ನೋಡಲಾರದ ಹಂಗ ಕೂಡ್ತಾನ, ಜೋಡಿಗೆ ಬಂದಾವ ಯಾವನರೆ ಎತ್ತಿ ಇಟ್ಕೋತಾನ. ಒಳಗ ಇಬ್ಬರಿಗೂ ಎದಿ ಹಾರ್ತಿರ್ತದ! "ಅಯ್ಯ, ಏನಿಲ್ರಿ ವೈನಿ, ಮನಿಯೊಳಗ ಇದ್ದ ಒಂದು ಕುಪ್ಪಸದ ಖಣ" ಅಂತ ಹೇಳಿ ಇಳಕಲ್ ಖಣ ಉಡಿಯೊಳಗ ಹಾಕೋದು ನಮಗೇನ್ ಹೊಸಾದ?

ಈ ಕಥಿ ಜಗತ್ತಿಗೆ ಗೊತ್ತಾದದ್ದು ಹೆಂಗ ಅನ್ನೋದೂ ಒಂದು ಕಥಿನ. ಬ್ರೊನಿಸ್ಲಾವ್ ಮಲಿನೋವ್ಸ್ಕಿ ಅಂತ ಪೋಲಂಡಿನ ಒಬ್ಬಾಂವ ೧೯೧೪ರಾಗ ಈ ಕಡೆ ಬಂದ. ಅಷ್ಟರಾಗ ಮೊದಲನೇ ಮಹಾಯುದ್ಧ ಸುರು ಆತು. ಅಂವ ಆಸ್ಟ್ರಿಯಾದ ಪ್ರಜಾ, ಅಂದ್ರ ಇಂಗ್ಲಿಷರಿಗೆ ಶತ್ರು. ಆದ್ರೂ ಅಭ್ಯಾಸ ಮುಂದುವರಸ್ಲಿಕ್ಕೆ ಆಸ್ಟ್ರೇಲಿಯಾದ ಸರಕಾರ ಬಿಟ್ಟಿತು. ೧೯೧೫ ಮತ್ತ ೧೯೧೮ರ ನಡುವ ಎರಡು ಸಲ ಟ್ರೋಬ್ರಿಯಾಂಡಿನ ಕಿರಿವಿನಾ ದ್ವೀಪದಾಗ, ಮುಖಂಡನ ಊರಾದ ಒಮರಕಾನದಾಗ, ಒಂದು ಡೇರೆ ಹಾಕ್ಕೊಂಡು ಅವರ ನಡುವನ ಇದ್ದು, ಅವರ ಭಾಷಾ ಕಲ್ತು ಎಲ್ಲಾ ಬರಕೊಂಡ. ೧೯೨೨ರಾಗ ಅಂವನ ಪುಸ್ತಕ ಬಂತು. ಅಲ್ಲಿತನಕ ಬಿಳಿ ವ್ಯಾಪಾರಸ್ಥರು, ಮಿಶನರಿಗಳು ಇದನ್ನ ನೋಡಿದ್ರೂ, ಉಪಯೋಗ ಇಲ್ಲದ ಚಿಪ್ಪಿನ ಸಂಬಂಧ ಜೀವಾ ಪಣಕ್ಕಿಟ್ಟು ಸಮುದ್ರಾ ದಾಟೋ ಹುಚ್ಚು ಅಂತಿದ್ರು. ಮಲಿನೋವ್ಸ್ಕಿ ಅಂದ, ಹಂಗಾರ ರಾಜರ ಕಿರೀಟ ಕೋಟಿಯೊಳಗ ಇಟ್ಟು ಕಾವಲು ಹಾಕ್ತೀರಲ್ಲ, ಅದರ ಉಪಯೋಗ ಏನು? ಎರಡೂ ಚರಿತ್ರಾ ಹೊತ್ತ ವಸ್ತು. ಫರಕು ಇಷ್ಟ, ಕಿರೀಟ ಒಬ್ಬರ ಕಡೆ ಉಳೀತದ, ಕುಲಾದ ದಾಗೀನ ಯಾರ ಕಡೆನೂ ಕಾಯಂ ಉಳ್ಯಂಗಿಲ್ಲ.

ಎಷ್ಟು ದಿನ ಇಟ್ಕೋಬಹುದು? ಅಂವ ನೋಡಿದ ಕಾಲಕ್ಕ ವರ್ಷ, ಎರಡು ವರ್ಷ. ಅದಕ್ಕೂ ಹೆಚ್ಚು ಇಟ್ಕೊಂಡ್ರ ಜನ ಆಡ್ಕೋತಾರ, ಜಿಪುಣ ಅಂತಾರ. ಒಂದು ಸರ ಇಡೀ ಚಕ್ರಾ ಸುತ್ತಿ ಬರ್ಲಿಕ್ಕೆ ಎರಡರಿಂದ ಹತ್ತು ವರ್ಷ. ದೊಡ್ಡ ದಾಗೀನಕ್ಕೆಲ್ಲಾ ಸ್ವಂತ ಹೆಸರು ಇರ್ತದ. ಯಾರ ಕೈಯಿಂದ ಯಾರ ಕೈಗೆ ಬಂತು, ಅದರ ಸಂಬಂಧ ಯಾರು ಜಗಳಾಡಿದ್ರು, ಇದೆಲ್ಲಾ ದಾಗೀನದ ಜೋಡಿನ ಹೋಗ್ತದ, ಬಾಯಿಂದ ಬಾಯಿಗೆ. ಹೊಸಾದಕ್ಕ ಕಿಮ್ಮತ್ತು ಕಡಿಮಿ. ಹಳೇದು, ಭಾಳ ಮಂದಿ ಕೈ ಹಾಯ್ದು ಬಂದದ್ದು, ಅದಕ್ಕ ಮಾನ.

ಇದನ್ನ ಓದಿ ಅವ್ರೆಲ್ಲಾ ಸಂತರು ಅನ್ಕೋಬ್ಯಾಡ್ರಿ. ಒಬ್ಬ ಮನಶ್ಯಾನ ಕಡೆ ಛಲೋ ಸರ ಬಂದದ ಅಂತ ಸುದ್ದಿ ಆದ ಕೂಡಲೆ ಹತ್ತು ಮಂದಿ ಗೆಣೆಕಾರರು ಹಂದಿ, ಗೆಣಸಿನ ಜಾತಿಯ ಯಾಮ್ ಗಡ್ಡಿ, ಅಡಿಕಿ ಎಲ್ಲಾ ಒಯ್ದು ಓಲೈಸ್ತಾರ. ಒಬ್ಬಗ ಸಿಗ್ತದ, ಒಂಬತ್ತು ಮಂದಿ ಹೊಟ್ಟಿ ಉರಕೋತಾರ. ಸುಳ್ಳು ವಚನ ಕೊಡೋರು ಇದ್ದಾರ. ಮಾಟ ಮಾಡಿಸಿದ್ರು ಅನ್ನೋ ಮಾತೂ ಬರ್ತಾವ. ಎಲೆಡಿಕಿ ಸುಣ್ಣ ಹಚ್ಚಿ ತಿನ್ಕೋತ ಕೂತು ಆಡ್ಕೊಳ್ಳೋ ಸುದ್ದಿ ಅಲ್ಲೂ ಕುಲಾದ್ದ. ಹೌದು, ಅಡಿಕಿ ಅಲ್ಲೂ ತಿಂತಾರ, ಸುಣ್ಣಾ ಹವಳ ಸುಟ್ಟು ಮಾಡ್ತಾರ.

ಇಲ್ಲಿತನಕ ಎಲ್ಲಾ ಗಂಡಸರ ಮಾತ ಆತು. ನಾನೂ ಮಗಳಿಗೆ ಅದನ್ನ ಅಂದೆ, "ಹೆಣ್ಣಮಕ್ಕಳು ಎಲ್ಲಿದ್ರು? ಮನಿಯೊಳಗ ಕೂತು ಅಡಗಿ ಮಾಡ್ತಿದ್ರೇನು?" ಗಂಡ ಕುಲಾಕ್ಕ ಹೋದಾಗ ಹೆಂಡತಿ ಅಡ್ಡದಾರಿ ಹಿಡದ್ರ ಅಂವನ ಹಡಗಿನ ಓಟ ಕಡಿಮಿ ಆಗ್ತದ ಅನ್ನೋ ನಂಬಿಗಿ ಇತ್ತಂತ, ಅದನ್ನ ಮಾತ್ರ ಬರಕೊಂಡಾರ. ಹಡಗು ಓಡಲಿಲ್ಲ ಅಂದ್ರ ಗಾಳೀದು ತಪ್ಪಲ್ಲ ನೋಡ್ರಿ!

ಆಮ್ಯಾಲೆ ಅಕಿ ಇನ್ನೊಂದು ಪುಸ್ತಕ ತಂದಳು. ಆನೆಟ್ ವೀನರ್ ಅಂತ ಒಬ್ಬ ಅಮೆರಿಕದ ಹೆಣ್ಣಮಗಳು ೧೯೭೧ರಾಗ ಕಿರಿವಿನಾಕ್ಕ ಹೋದಳು. ಮಲಿನೋವ್ಸ್ಕಿ ಇದ್ದ ಊರಿನ ಹತ್ರದ್ದ ಊರು. ಅಲ್ಲೆ ಹೆಣ್ಣಮಕ್ಕಳು ಅಕಿನ್ನ ತಮ್ಮ ಒಂದು ಕಾರ್ಯಕ್ಕ ಕರ್ಕೊಂಡು ಹೋದ್ರು. ಯಾರರೆ ತೀರಿಕೊಂಡ ಮ್ಯಾಲೆ ಕೆಲವು ತಿಂಗಳು ಬಿಟ್ಟು ಸೂತಕ ಕಳಿಯೋ ಕಾರ್ಯ ಅದು, ಸಗಾಲಿ ಅಂತಾರ. ಬಾಳಿ ಎಲಿ ಒಣಗಿಸಿ, ಕೆರದು, ಕಟ್ಟು ಕಟ್ಟಿ ಇಟ್ಟಿರ್ತಾರ. ಬಾಳಿ ನಾರಿನ ಬಣ್ಣದ ಲಂಗಾನೂ ಇರ್ತಾವ. ದೋಬಾ ಅಂತ ಅದರ ಹೆಸರು. ಒಂದೊಂದು ಕಾರ್ಯದಾಗ ಸಾವಿರಗಟ್ಟಲೆ ಕಟ್ಟು! ತೀರಿಕೊಂಡಾವ್ರ ತವರಿನ ಹೆಣ್ಣಮಕ್ಕಳು ನಡುವ ನಿಂತು, ಆ ಮನಶ್ಯಾಗ ಬದುಕಿನಾಗ ಯಾರ್ಯಾರು ಏನೇನು ಮಾಡಿದ್ರೋ ಅವರ ಹೆಸರು ಹಿಡದು ಕರದು ಕೊಡ್ತಾರ. ಹೆಚ್ಚು ಕೊಟ್ಟಾಕಿಗೆ ಮಾನ. ಅಲ್ಲಿ ವಂಶ ತಾಯಿಂದ ಬರ್ತದ, ಹಿಂಗಾಗಿ ವಂಶದ ಲೆಕ್ಕಾ ಚುಕ್ತಾ ಮಾಡೋ ಕೆಲಸಾನೂ ಹೆಣ್ಣಮಕ್ಕಳದ್ದ. ಹೆಂಡತಿಗೆ ದೋಬಾ ಕಡಿಮಿ ಬಿದ್ರ ಗಂಡ ತನ್ನ ಹಂದಿ, ತನ್ನ ರೊಕ್ಕ ಖರ್ಚು ಮಾಡಿ ತಂದುಕೊಡಬೇಕು. ಯಾಕಂದ್ರ ವರ್ಷಾ ವರ್ಷಾ ಅವನ ಮನಿಗೆ ಯಾಮ್ ಗಡ್ಡಿ ಬರೋದು ಹೆಂಡತಿಯ ತವರಿನಿಂದನ.

ಮಲಿನೋವ್ಸ್ಕಿ ಈ ಬಾಳಿ ಎಲಿ ಕಟ್ಟು ನೋಡಿರ್ಲಿಲ್ಲ ಅಂತಲ್ಲ. ನೋಡಿದ್ದ. ಆದ್ರ ಚಿಪ್ಪಿನ ಬಳಿ ಬಗ್ಗೆ ದಪ್ಪ ಪುಸ್ತಕ ಬರದಾಂವಗ ಇದೂ ಸಂಪತ್ತು ಅಂತ ಹೊಳೀಲಿಲ್ಲ. ಅದು ಹೊಳೀಲಿಕ್ಕೆ ಐವತ್ತು ವರ್ಷ ಬೇಕಾತು, ಒಬ್ಬ ಹೆಣ್ಣಮಗಳು ಹೋಗಿ ಹೆಣ್ಣಮಕ್ಕಳ ನಡುವ ಕೂಡಬೇಕಾತು. ೧೯೭೬ರಾಗ ವೀನರಳ ಪುಸ್ತಕ ಬಂತು. ಲಗ್ನದಾಗ ಆಯೇರಿ ಸೀರಿ ಲೆಕ್ಕಾ ಬಾಯಿಪಾಠ ಇಟ್ಕೊಂಡ ನಮ್ಮ ಕಾಕುನಂಥಾಕಿ ಯಾರರೆ ಮೊದಲನೇ ಸಲಾನ ಹೋಗಿದ್ರ, ಒಂದು ಮಧ್ಯಾಹ್ನದಾಗ ತಿಳೀತಿತ್ತು ಅನಸ್ತದ ನಂಗ.

ಚಿಪ್ಪಿನ ಬಗ್ಗೆನೂ ಅಕಿ ಒಂದು ಮಾತು ಬರದಾಳ, ಅದನ್ನ ಓದೋವಾಗ ತೊಡಿ ಮ್ಯಾಲಿನ ಕೂಸಿನ್ನ ನೋಡಿದೆ. ಅಲ್ಲಿ ಕೂಸು ತಾಯಿಯ ವಂಶದ್ದು, ತಂದಿ ವಂಶದ್ದಲ್ಲ. ಹಂಗಾರ ತಂದಿ ತನ್ನ ಪ್ರೀತಿ ತೋರಸೋದು ಹೆಂಗ? ಕೂಸಿಗೆ ಕೆಂಪು ಚಿಪ್ಪಿನ ಬಿಲ್ಲಿಯ ಸರ, ಕಿವಿಗೆ ಕೆಂಪು ಚಿಪ್ಪಿನ ದಾಗೀನ ಹಾಕ್ತಾನ. ಅದನ್ನ ನೋಡಿದ ಕೂಡಲೆ ಊರಿಗೆ ಗೊತ್ತಾಗ್ತದ, ಈ ಕೂಸಿನ ಹಿಂದ ಅಪ್ಪ ನಿಂತಾನ ಅಂತ. ನಾ ಧಾರವಾಡದಿಂದ ಬೆಳ್ಳಿ ಉಡದಾರ, ಕಾಲಕಡಗ ಒಯ್ದಿದ್ದೆ. ಕೂಸಿಗೆ ಅದರ ಗೊಡವಿ ಇರಂಗಿಲ್ಲ, ಅದು ನೋಡೋರಿಗೆ ಹೇಳೋ ಮಾತು.

ಹುಟ್ಟಿದಾಗ ಹೆಂಗೋ, ಹೋಗೋವಾಗೂ ಹಂಗ. ಮಲಿನೋವ್ಸ್ಕಿ ಬರದಾನ, ಟ್ರೋಬ್ರಿಯಾಂಡಿನಾಗ ಒಬ್ಬ ಮನಶ್ಯಾ ಸಾಯ್ಲಿಕ್ಕತ್ತಾನ ಅಂದ್ರ ಬೀಗರು, ನೆಂಟರು ತಮ್ಮ ತಮ್ಮ ಮನಿಯೊಳಗಿನ ದೊಡ್ಡ ದಾಗೀನ ತಂದು ಅವನ ಎದಿ ಮ್ಯಾಲೆ, ಹೊಟ್ಟಿ ಮ್ಯಾಲೆ ಇಡ್ತಾರ. ಜೀವಕ್ಕ ತಂಪಾಗ್ತದ ಅಂತ. ಅವು ಕೈಗಡ ತಂದವು. ಎಲ್ಲಾ ಮುಗದ ಮ್ಯಾಲೆ ತಮ್ಮ ತಮ್ಮವನ್ನ ವಾಪಸ್ ಒಯ್ತಾರ. ಅಂವನ ಸ್ವಂತದ್ದು ಮಾತ್ರ ಇನ್ನಷ್ಟು ಹೊತ್ತು ಮೈ ಮ್ಯಾಲೆ ಉಳೀತಾವ. ಇದನ್ನ ಓದಿದ ರಾತ್ರಿ ನಂಗ ನಿದ್ದಿ ಬರ್ಲಿಲ್ಲ.

ಚಿಪ್ಪಿನ ಮಾನ ಆ ನಾಡಿನಾಗ ಎಷ್ಟು ಅಂದ್ರ, ೧೯೭೫ರಾಗ ಪಪುವಾ ನ್ಯೂಗಿನಿ ಸ್ವತಂತ್ರ ಆಗೋ ವರ್ಷ, ಆಸ್ಟ್ರೇಲಿಯಾದ ಡಾಲರ್ ಬಿಟ್ಟು ತಮ್ಮ ರೊಕ್ಕಾ ಮಾಡಿಕೊಂಡ್ರು. ಅದಕ್ಕ ಕಿನಾ ಅಂತ ಹೆಸರಿಟ್ರು. ಕಿನಾ ಅಂದ್ರ ಆ ದೇಶದ ಗುಡ್ಡಗಾಡಿನ ಮಂದಿ ಕೊಳ್ಳಾಗ ಕಟ್ಟಿಕೊಳ್ಳೋ ಮುತ್ತಿನ ಚಿಪ್ಪು. ಚಿಲ್ಲರ ಪೈಸಾಕ್ಕ ತೋಯಾ. ಅದು ರಾಜಧಾನಿ ಪೋರ್ಟ್ ಮೋರ್ಸ್‌ಬಿ ಕಡೆಯ ಮೋಟು ಜನ ಲಗ್ನದಾಗ ಹೆಣ್ಣಿನ ಕಡೆಯವರಿಗೆ ಕೊಡೋ ಚಿಪ್ಪಿನ ಬಳಿ. ನೂರು ತೋಯಾಕ್ಕ ಒಂದು ಕಿನಾ. ನಮ್ಮಲ್ಲೂ ಕವಡಿ ಒಮ್ಮೆ ರೊಕ್ಕಾನ ಇತ್ತು. ಈಗ ಸವದತ್ತಿ ಎಲ್ಲಮ್ಮನ ಜೋಗಮ್ಮಗಳ ಕೊಳ್ಳಾಗಿನ ಕವಡಿ ಸರಕ್ಕ ಮಾನ ಉಳದದ. ಉಳದಾವ್ರ ಬಾಯಾಗ "ಕವಡಿ ಕಿಮ್ಮತ್ತು ಇಲ್ಲ" ಅನ್ನೋ ಬೈಗುಳ ಉಳದದ. ಅವ್ರು ಚಿಪ್ಪಿನ ಹೆಸರನ್ನ ನೋಟಿನ ಮ್ಯಾಲೆ ಬರದ್ರು.

ಕುಲಾ ಇವತ್ತಿಗೂ ನಡದದ. ಮೋಟಾರ್ ಬೋಟಿನಾಗೂ ಹೋಗ್ತಾರ. ಡೋಬು ಕಡೆ ಕೆಲವು ಹೆಣ್ಣಮಕ್ಕಳು ತಮ್ಮ ಹೆಸರಿನಿಂದನ ಕುಲಾ ಮಾಡ್ತಾರ. ಹರೇದ ಹುಡುಗರು ಹಳೇ ಸರಾ ರೊಕ್ಕಕ್ಕ ಮಾರಿಬಿಡ್ತಾರ ಅಂತ ಹಿರೇರು ಚಿಂತಿ ಮಾಡ್ತಾರ. ಮಾರಿದ ಸರ ಯಾರದರೆ ಗಾಜಿನ ಪೆಟಗಿ ಸೇರ್ತದ, ಮತ್ತ ಚಕ್ರಕ್ಕ ಬರಂಗಿಲ್ಲ.

ಇನ್ನ ಆ ಮಾತು ನನ್ನ ತಲಿಯೊಳಗ ಯಾಕ ಕೂತಿತು ಅನ್ನೋದನ್ನ ಹೇಳ್ತೀನಿ.

ನಮ್ಮ ಅವ್ವನ ಒಂದು ಬೋರಮಾಳ ಸರ ಅದ. ಅದು ನಮ್ಮ ಅಜ್ಜೀದು. ಅಜ್ಜಿಯಿಂದ ಅವ್ವಗ ಬಂತು. ಮೂರು ಮಂದಿ ಹೆಣ್ಣಮಕ್ಕಳೊಳಗ ನಾ ಹಿರ್ಯಾಕಿ. ಅವ್ವ ಹೋದ ಮ್ಯಾಲೆ "ಸದ್ಯಕ್ಕ ನಿನ್ನ ಕಡೆ ಇರ್ಲಿ" ಅಂತ ನನ್ನ ಕೈಗೆ ಕೊಟ್ರು. ಹನ್ನೊಂದು ವರ್ಷದಿಂದ ಬ್ಯಾಂಕಿನ ಲಾಕರಿನಾಗ ಅದ. ಮೂರು ವರ್ಷದ ಹಿಂದ ಸಣ್ಣ ತಂಗಿ ಫೋನ್ ಮಾಡಿ, "ಅಕ್ಕಾ, ಮಗಳ ಲಗ್ನದಾಗ ಒಂದು ದಿನ ಅವ್ವನ ಸರ ಹಾಕಸ್ತೀನಿ, ಕೊಡು" ಅಂದಳು. ನಾ "ಲಾಕರ್ ಕೀಲಿ ಸಿಗವಲ್ತು" ಅಂದೆ. ಕೀಲಿ ನನ್ನ ಕಪಾಟಿನಾಗ, ಕುಂಕುಮದ ಡಬ್ಬಿ ಹಿಂದನ ಇತ್ತು. ಕೊಟ್ರ ವಾಪಸ್ ಬರ್ತದೋ ಇಲ್ಲೋ ಅನ್ನೋ ಹೆದರಿಕಿ, ಮತ್ತೇನಿಲ್ಲ. ತಂಗಿ ಏನೂ ಅನ್ನಲಿಲ್ಲ. ಲಗ್ನಕ್ಕ ಕರದಳು, ಉಡಿ ತುಂಬಿದಳು. ಆದ್ರ ಅವತ್ತಿಂದ ಅಕಿ ತಾನಾಗಿ ಫೋನ್ ಮಾಡೋದು ನಿಂತದ.

ಮೆಲ್ಬರ್ನಿನಾಗ ಓದ್ಕೋತ ಓದ್ಕೋತ ನಾ ನನ್ನ ಪರವಾಗಿ ವಾದಾನೂ ಹುಡುಕಿದೆ. ಸಿಕ್ಕಿತು ಕೂಡ. ಅದೇ ವೀನರ್ ೧೯೯೨ರಾಗ ಇನ್ನೊಂದು ಪುಸ್ತಕ ಬರದಾಳ. ಎಲ್ಲಾ ಕೊಡೋ ಮಂದಿನೂ ಕೆಲವೊಂದನ್ನ ಹಿಡದು ಇಟ್ಕೋತಾರ, ಹಂಗ ಇಟ್ಕೊಂಡದ್ರಿಂದನ ಅವರಿಗೆ ಮಾನ ಬರ್ತದ ಅಂತ. ಕುಲಾದಾಗೂ ಎಲ್ಲಾಕ್ಕಿಂತ ದೊಡ್ಡ ಚಿಪ್ಪುಗಳನ್ನ ಮುಖಂಡರು ವರ್ಷಗಟ್ಟಲೆ ಹಿಡಕೊಂಡು ಕೂಡ್ತಾರಂತ. ಓಹೋ, ಹಂಗಾರ ನಂದೇನು ತಪ್ಪು ಅಂತ ತಟಗು ಸಮಾಧಾನ ಆತು.

ಆದ್ರ ಒಂದು ದಿನಕ್ಕ ಆ ಸಮಾಧಾನ ಇಳೀತು. ಅವ್ರು ಇಟ್ಕೊಂಡ್ರೂ ಮುಚ್ಚಿ ಇಡಂಗಿಲ್ಲ. ಯಾವ ಸರ ಯಾರ ಕಡೆ ಅದ ಅನ್ನೋದು ಹತ್ತು ದ್ವೀಪಕ್ಕ ಗೊತ್ತಿರ್ತದ. ಅದರ ಹೆಸರು ಹೇಳ್ತಾರ, ನೋಡ್ಲಿಕ್ಕೆ ಬರ್ತಾರ, ಕೇಳ್ತಾರ. ಇಟ್ಕೊಂಡಾಂವ ಬಂದಾವ್ರಿಗೆ ಮಾರಿ ಕೊಟ್ಟು ಉತ್ತರ ಹೇಳಬೇಕು. ನಾ ಇಟ್ಕೊಂಡಿದ್ದಿಲ್ಲ, ಬಚ್ಚಿಟ್ಟಿದ್ದೆ. ಅವ್ವನ ಸರದಾಗ ಎರಡು ಮಣಿ ಬ್ಯಾರೆ ಬಣ್ಣದ್ದು ಅವ. ಬರ ಬಿದ್ದ ವರ್ಷ ಅಜ್ಜಿ ಎರಡು ಮಣಿ ಬಿಡಿಸಿ ಮಾರಿ ಜೋಳಾ ತಂದಿದ್ದಳು, ಮುಂದ ಅವ್ವನ ಲಗ್ನದ ಹೊತ್ತಿಗೆ ಆ ಎರಡು ಮಣಿ ಹೊಸಾದು ಹಾಕಿಸಿದಳು. ಹಬ್ಬದ ದಿನ ಅವ್ವ ಸರ ಹಾಕ್ಕೊಂಡಾಗೆಲ್ಲಾ ನಾವು ಮೂವರೂ ತೊಡಿ ಮ್ಯಾಲೆ ಕೂತು ಆ ಎರಡು ಮಣಿ ಹುಡುಕಾಡ್ತಿದ್ದಿವಿ. ನನ್ನ ಮಗಳಿಗೆ ಈ ಕಥಿ ಗೊತ್ತಿಲ್ಲ. ತಂಗಿ ಮಗಳಿಗೂ ಗೊತ್ತಿಲ್ಲ. ಸರನ ಕಾಣವಲ್ತು, ಕಥಿ ಯಾರು ಹೇಳ್ತಾರ?

ಊರಿಗೆ ಬಂದು ಎರಡನೇ ವಾರ ಬ್ಯಾಂಕಿಗೆ ಹೋಗಿ ಸರ ತಗದೆ. ಅರಿಶಿಣ ಹತ್ತಿದ ಅವ್ವನ ಅದೇ ಬಟ್ಟಿಯೊಳಗ ಇತ್ತು. ಸಂಜೀಕ ತಂಗಿಗೆ ಫೋನ್ ಮಾಡಿದೆ. "ಕೀಲಿ ಸಿಕ್ಕದ" ಅಂದೆ. ತಟಗು ಹೊತ್ತು ಆ ಕಡೆಯಿಂದ ಏನೂ ಬರ್ಲಿಲ್ಲ. ಆಮ್ಯಾಲೆ ಅಕಿ, "ಹೌದ? ಎಲ್ಲಿತ್ತು?" ಅಂತ ಕೇಳಿದಳು. ಅಕಿ ದನಿ ಕೇಳಿದ್ರ ಅಕಿಗೆ ಮೊದ್ಲಿಂದನೂ ಗೊತ್ತಿತ್ತು ಅನಿಸ್ತು. "ಕುಂಕುಮದ ಡಬ್ಬಿ ಹಿಂದ" ಅಂತ ಖರೇನ ಹೇಳಿಬಿಟ್ಟೆ.

ಶ್ರಾವಣದ ಎರಡನೇ ಶುಕ್ರವಾರ ಅಕಿ ಮನಿಗೆ ಸರ ಒಯ್ಯಾಕಿ ಇದ್ದೀನಿ. ಒಂದು ದಿನಕ್ಕಲ್ಲ, ಮುಂದ ಅಕಿನ ಇಟ್ಕೊಳ್ಳಲಿ. ಅಕಿಯಿಂದ ನಡುವಿನಾಕಿಗೆ, ಅಕಿಯಿಂದ ಮಕ್ಕಳಿಗೆ, ಹಿಂಗ ಹೋಗ್ತಿರ್ಲಿ. ಎರಡು ಮಣಿ ಕಥಿ ಒಂದು ಹಾಳಿ ಮ್ಯಾಲೆ ಬರದು ಅದೇ ಬಟ್ಟಿಯೊಳಗ ಇಟ್ಟೀನಿ. ಕೊಡೋವಾಗ ಆ ಡೋಬು ಮಂದಿ ಹಂಗ "ಇದೇನ್ ಮಹಾ" ಅನ್ನೋ ಮಾರಿ ಮಾಡ್ಲಿಕ್ಕೆ ನಂಗ ಬರ್ತದೋ ಇಲ್ಲೋ ಗೊತ್ತಿಲ್ಲ, ಬಹುಶಃ ಅತ್ತುಬಿಡ್ತೀನಿ.

ಕುಲಾದಾಗ ಕೊಟ್ಟಾವ್ರು ಕೇಳಂಗಿಲ್ಲ, ಕಾಯ್ತಾರ. ನನಗೂ ವಾಪಸ್ ಬರೋದು ಒಂದು ಅದ. ಒಂದು ದಿನ ಮಧ್ಯಾಹ್ನ ಊಟಾ ಮುಗದ ಹೊತ್ತಿಗೆ ಅಕಿ ತಾನಾಗಿ ಫೋನ್ ಮಾಡಿ, "ಅಕ್ಕಾ, ಏನ್ ಸಾರು ಮಾಡಿದ್ದಿ?" ಅಂತ ಕೇಳಬೇಕು. ಅಷ್ಟು.